ಬುಧವಾರದ ಸರದಿ

ಬೆಳಗಿನ ಮಂಜು ಬೀದಿಯ ಮೇಲೆ ಇನ್ನೂ ಕೂತೇ ಇತ್ತು. ಗಡಿಯಾರ ರಿಪೇರಿಯವನ ಹೆಂಡತಿ ತೀರಿಹೋದ ಗಂಡನ ದೇಹದ ಪಕ್ಕದಿಂದ ಎದ್ದು, ಬಾಗಿಲ ಹಿಂದಿನ ಮೊಳೆಯಿಂದ ಬಿಳಿ ತಟ್ಟೆಯನ್ನೂ ಅದರ ಹಗ್ಗವನ್ನೂ ಇಳಿಸುತ್ತಿದ್ದಳು. ಹತ್ತು ಗಂಟೆಗೆ ದೇಹ ಎತ್ತುವುದೆಂದು ಹೇಳಿದ್ದರು. ಅದಕ್ಕೆ ಮುಂಚೆ ಯಾರಾದರೂ ಕೆರೆಗೆ ಹೋಗಿಬರಬೇಕಿತ್ತು.

ಕೆರೆ ಸಂಘದ ಸದಸ್ಯರಲ್ಲಿ ಬಂದಿದ್ದವರು ಇಬ್ಬರೇ: ಕ್ಷೌರಿಕ ಮತ್ತು ನಿವೃತ್ತ ಬಸ್ ಕಂಡಕ್ಟರ್. ಹೊರಲು ನಾಲ್ಕು ಹೆಗಲು ಬೇಕು. ಉಳಿದೆರಡನ್ನು ಪಕ್ಕದ ಮನೆಯಲ್ಲಿ ಕೇಳಿಕೊಂಡಿದ್ದಾಗಿತ್ತು.

"ಇವತ್ತು ಯಾರ ಸರದಿ?" ಎಂದು ಅವಳು ಕೇಳಿದಳು.

ಕ್ಷೌರಿಕ ಕತ್ತು ತುರಿಸಿಕೊಂಡ. "ನಂದು ಶನಿವಾರ ಇತ್ತು ಅನ್ಸುತ್ತೆ, ಅಕ್ಕ. ಯಾವ ಕಾಲದ ಶನಿವಾರವೋ."

ಕಂಡಕ್ಟರ್ ತನ್ನ ಪಾದಗಳನ್ನೇ ನೋಡುತ್ತಿದ್ದ.

*

ಹಿಂದೆ ಬಣ್ಣದ ಕಾರ್ಖಾನೆಯ ಕೊಳೆನೀರು ಕೆರೆಗೆ ನುಗ್ಗಿದಾಗ ಏಳು ಜನ ಸೇರಿ ಸಂಘ ಕಟ್ಟಿದ್ದರು. ನೀರು ಎಷ್ಟು ತಿಳಿಯಾಗಿದೆಯೆಂದು ಅಳೆಯಲು ದಿನಕ್ಕೊಬ್ಬರು ಕೆರೆಗಿಳಿದು, ಗೇಣಿಗೊಂದು ಗಂಟು ಹಾಕಿದ ಹಗ್ಗದಲ್ಲಿ ತಟ್ಟೆ ಇಳಿಬಿಟ್ಟು, ಅದು ಎಷ್ಟನೆಯ ಗಂಟಿಗೆ ಕಣ್ಮರೆಯಾಯಿತೆಂದು ಪುಸ್ತಕದಲ್ಲಿ ಬರೆಯಬೇಕು. ಆ ಪುಸ್ತಕ ತೋರಿಸಿಯೇ ಕಾರ್ಖಾನೆಯ ಚರಂಡಿ ಮುಚ್ಚಿಸಿದ್ದರು. ಒಂದು ದಿನ ತಪ್ಪಿದರೂ ಪುಸ್ತಕ ನಡೆಯದು ಎಂದಿತ್ತು ಮಾಲಿನ್ಯ ನಿಯಂತ್ರಣದ ಕಚೇರಿ. ಚರಂಡಿ ಮತ್ತೆ ತೆರೆಯಲು ಕಾರ್ಖಾನೆಯವರು ಆ ಒಂದು ದಿನಕ್ಕೇ ಕಾದಿದ್ದರು.

ನೀರು ತಿಳಿಯಾಗುತ್ತ ಹೋದ ಹಾಗೆ ಬರುವವರೂ ಕಡಿಮೆಯಾದರು. ಒಬ್ಬರಿಗೆ ಮಂಡಿನೋವು, ಇನ್ನೊಬ್ಬರಿಗೆ ಮೊಮ್ಮಗು. ಕಡೆಗೆ ವಾರದ ಏಳು ದಿನವೂ ಗಡಿಯಾರದವನೇ ಹೋಗುತ್ತಿದ್ದ. ಬರೆಯುವಾಗ ಮಾತ್ರ ಆಯಾ ದಿನದವರ ಹೆಸರನ್ನೇ ಬರೆಯುತ್ತಿದ್ದ.

"ಬರದೇ ಇದ್ದೋರ ಹೆಸರು ಬರೀತೀರಲ್ಲ, ದೇವರು ಮೆಚ್ತಾನಾ?" ಎಂದು ಅವಳು ಒಮ್ಮೆ ಚುಚ್ಚಿದ್ದಳು.

ಅವನು ಹಗ್ಗ ಒಣಹಾಕುತ್ತ ಹೇಳಿದ್ದ: "ಗಂಟು ಸುಳ್ಳಲ್ಲ ಕಣೇ. ಹೆಸರು ಹೊಡೆದು ಹಾಕಿದ್ರೆ, ವಾಪಸ್ ಬರೋಕೆ ಅವರಿಗೆ ಜಾಗ ಎಲ್ಲಿರುತ್ತೆ?"

*

ಅವಳು ಪುಸ್ತಕ ತೆರೆದು ಕಂಡಕ್ಟರನ ಮುಂದೆ ಹಿಡಿದಳು. ಬುಧವಾರ ಬಂದಲ್ಲೆಲ್ಲ ಅವನದೇ ಹೆಸರು, ಗಡಿಯಾರದವನ ಇರುವೆಸಾಲಿನಂಥ ಅಕ್ಷರಗಳಲ್ಲಿ.

"ಒಂಬತ್ತು ವರ್ಷದಲ್ಲಿ ನೀವು ಒಂದು ಬುಧವಾರಾನೂ ತಪ್ಪಿಸಿಲ್ಲ, ಅಣ್ಣ," ಎಂದಳು. ದನಿಯಲ್ಲಿ ಕೊಂಕಿರಲಿಲ್ಲ.

ಅವನು ಬಹಳ ಹೊತ್ತು ಹಾಳೆ ತಿರುವಿದ. ಹೋದ ಬುಧವಾರದ ಎದುರೂ ಅವನ ಹೆಸರಿತ್ತು. ಆ ಹೊತ್ತಿನಲ್ಲಿ ತಾನು ಬೆಚ್ಚಗೆ ಹೊದ್ದು ಮಲಗಿದ್ದುದು ನೆನಪಾಗಿರಬೇಕು.

"ಕೊಡಮ್ಮ" ಎಂದು ತಟ್ಟೆಯನ್ನೂ ಪುಸ್ತಕವನ್ನೂ ಇಸಿದುಕೊಂಡು ಮಂಜಿನೊಳಗೆ ನಡೆದ. ಜೊತೆಗೆ ಹೋಗಲು ಎದ್ದ ಕ್ಷೌರಿಕ, ದೇಹದ ಬಳಿ ಅವಳೊಬ್ಬಳೇ ಆಗುತ್ತಾಳೆಂದು ಮತ್ತೆ ಕೂತ.

ಹತ್ತಾಗಲು ಸ್ವಲ್ಪವೇ ಇದ್ದಾಗ ಕಂಡಕ್ಟರ್ ಹಿಂದಿರುಗಿದ. ಎದೆಯವರೆಗೆ ಒದ್ದೆಯಾಗಿದ್ದ. ಪುಸ್ತಕವನ್ನು ಅವಳ ಕೈಗಿಟ್ಟು, ಹೆಗಲು ಕೊಡಲು ಮುಂದೆ ಹೋದ.

ಅವಳು ತೆರೆದು ನೋಡಿದಳು. ಇಂದಿನ ಬುಧವಾರದ ಎದುರು ಐದು ಗಂಟು. ಹೆಸರಿನ ಜಾಗದಲ್ಲಿ, ಕಂಡಕ್ಟರನ ದಪ್ಪ ಅಕ್ಷರಗಳಲ್ಲಿ, ಅವಳ ಗಂಡನ ಹೆಸರು.