ಅಕ್ಕನ ಕೈಗೆ ಕೂತ ಬಿಲ್ಲು

ಮರಗಳು ಎಲೆ ಉದುರಿಸುವ ಕಾಲ, ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೆಳಗಿನ ಬಿಸಿಲು ಅರ್ಧ ಎತ್ತಿದ ಷಟರಿನಡಿ ನುಸುಳಿ ಒಳಗಿನ ನೆಲಕ್ಕೆ ಬೀಳುವ ಹೊತ್ತಿಗೆ ಇದು ಶುರುವಾಯಿತು.

ಅದು ಬಿಲ್ಲು ರಿಪೇರಿ ಅಂಗಡಿ. ಮುಂದೆ ಒಂದು ಇಕ್ಕಟ್ಟು ಕೋಣೆ, ಹಿಂದೆ ಓಣಿಯಂಥ ಉದ್ದನೆಯ ಜಾಗ, ಅದರ ಕೊನೆಗೆ ಬಾಣ ನಾಟಲಿಕ್ಕೆ ಬಟ್ಟೆಚಿಂದಿ ಒತ್ತಿ ಕಟ್ಟಿದ ದಿಂಡು. ಅಂಗಡಿ ಸೋದರಮಾವನದು. ತಾಯಿ ತೀರಿಕೊಂಡ ಮೇಲೆ ಅಕ್ಕ ತಂಗಿ ಇಬ್ಬರನ್ನೂ ಸಾಕಿದವನು ಅವನೇ.

ಅಕ್ಕ ಒಂದು ಕಾಲಕ್ಕೆ ಮೈದಾನದಲ್ಲಿ ಹೆಸರು ಮಾಡಿದವಳು. ಎರಡು ತುದಿಗೂ ಗಾಲಿ ಇರುವ ಕಾಂಪೌಂಡ್ ಬಿಲ್ಲು ಅವಳದು. ಅವಳು ಹೆದೆ ಎಳೆದು ನಿಂತರೆ ನೋಡುವವರು ಉಸಿರು ಬಿಗಿ ಹಿಡಿಯುತ್ತಿದ್ದರಂತೆ. ಆಮೇಲೆ ಭುಜ ಕೈಕೊಟ್ಟಿತು. ಇನ್ನು ಆಡಬೇಡ ಅಂದರು ಡಾಕ್ಟರು. ಬಿಲ್ಲು ತಂಗಿಯ ಪಾಲಿಗೆ ಬಂತು. ಅದನ್ನು ಹೊಂದಿಸಿ ಕೊಡುವ ಕೆಲಸ ಮಾತ್ರ ಅಕ್ಕ ತನ್ನ ಹತ್ತಿರವೇ ಇಟ್ಟುಕೊಂಡಳು.

ಹೊಂದಿಸುವುದು ಅಂದರೆ ಹೀಗೆ. ಮರದ ಚೌಕಟ್ಟಿಗೆ ಹಳೇ ಪೇಪರು ಬಿಗಿದು ದಿಂಡಿನ ಮುಂದೆ ನಿಲ್ಲಿಸುತ್ತಾರೆ. ಹತ್ತಿರದಿಂದ ಬಾಣ ಬಿಡುತ್ತಾರೆ. ಬಾಣ ನೆಟ್ಟಗೆ ಹೋದರೆ ಪೇಪರಿನಲ್ಲಿ ದುಂಡನೆ ತೂತು, ಸುತ್ತ ಗರಿಗಳ ಗೀರು, ಅಷ್ಟೇ. ಬಾಲ ಆಡಿಸಿಕೊಂಡು ಹೋದರೆ ಪೇಪರು ಪರ್‍ರನೆ ಪಕ್ಕಕ್ಕೆ ಹರಿಯುತ್ತದೆ. ಹರಿದ ದಿಕ್ಕು ನೋಡಿಕೊಂಡು, ಬಾಣ ಕೂರುವ ಪುಟ್ಟ ತೋಳನ್ನು, ರೆಸ್ಟ್ ಅನ್ನುತ್ತಾರೆ ಅದಕ್ಕೆ, ಕೂದಲೆಳೆಯಷ್ಟು ಸರಿಸಬೇಕು. ಯಾರ ಕೈಯಲ್ಲಿ ಬಿಲ್ಲು ಆಡುತ್ತದೋ ಅವರೇ ಪೇಪರಿಗೆ ಹೊಡೆಯಬೇಕು ಅನ್ನುವುದು ಆ ಅಂಗಡಿಯ ಪದ್ಧತಿ. ಎಂಥಾ ಗಿರಾಕಿ ಬಂದರೂ ಮಾವ ಹಾಗೇ ಮಾಡಿಸುತ್ತಿದ್ದ.

ಈ ಒಂದು ಬಿಲ್ಲಿಗೆ ಮಾತ್ರ ಅಕ್ಕ ತಾನೇ ಹೊಡೆಯುತ್ತಿದ್ದಳು. ದಿನಕ್ಕೆ ನಾಲ್ಕಾರು ಬಾಣ ತಡೆಯುವಷ್ಟು ಶಕ್ತಿ ಭುಜದಲ್ಲಿ ಉಳಿದಿತ್ತು. ಅವಳಿಗೆ ಉಳಿದ ಬಿಲ್ಲುಗಾರಿಕೆ ಅಂದರೆ ಅಷ್ಟೇ.

ಆ ಬೆಳಗ್ಗೆ ಅಕ್ಕ ಹೊಡೆದದ್ದು ದುಂಡು ತೂತು. ಉಗುರಿನ ಬಣ್ಣದ ಸೀಸೆ ತೆರೆದು ರೆಸ್ಟಿನ ಪಕ್ಕ ಬಿಳೀ ಗೆರೆ ಎಳೆದಳು. ಯಾರೂ ಮುಟ್ಟಬಾರದು ಅಂತ.

ತಂಗಿ ಹೊಡೆದಳು. ಪೇಪರು ಎಡಕ್ಕೆ ಬೆರಳುದ್ದ ಹರಿಯಿತು.

"ಬಾಲ ಎಡಕ್ಕೆ ಒದೀತು ಅಕ್ಕ. ರೆಸ್ಟ್ ಒಂಚೂರು ಸರಿಸೋಣ."

"ಬಿಲ್ಲು ಸರಿಯಾಗೇ ಇದೆ. ಸೊಟ್ಟ ಇರೋದು ನಿನ್ನ ಕೈ. ಹೆಬ್ಬೆರಳಿನ ಬುಡಕ್ಕೆ ಭಾರ ಕೊಡು, ನಾನು ಕೊಡೋ ಹಾಗೆ."

"ಹಾಗೆ ಹಿಡಿದರೆ ಮಣಿಕಟ್ಟು ನೋಯುತ್ತೆ ಕಣೇ."

"ನನ್ನ ಭುಜವೇ ಹೋಯ್ತು. ಮಹಾರಾಣಿಗೆ ಮಣಿಕಟ್ಟಿನ ಚಿಂತೆ!"

ಮುಂದಿನ ಕೋಣೆಯಲ್ಲಿ ಅರ ಹಾಕುತ್ತಿದ್ದ ಮಾವ ಅಲ್ಲಿಂದಲೇ ಅಂದ, "ದರ್ಜಿ ತನ್ನ ಮೈ ಅಳತೆಗೆ ಅಂಗಿ ಹೊಲಿದು, ಗಿರಾಕಿಗೆ ಹೊಟ್ಟೆ ಒಳಗೆಳ್ಕೋ ಅಂದ ಹಾಗಾಯ್ತಲ್ಲೇ!"

"ನೀನು ಸುಮ್ನಿರು ಮಾವ. ನಿನ್ನ ಬೋಳುತಲೆಗೆ ಇದೆಲ್ಲ ಹತ್ತಲ್ಲ."

"ಹತ್ತಲ್ಲಮ್ಮ, ಜಾರುತ್ತೆ," ಅಂತ ಮಾವ ನಕ್ಕ. ತಂಗಿಯೂ ನಕ್ಕಳು. ಅಕ್ಕ ನಗಲಿಲ್ಲ. ಮಾತು ತಮಾಷೆಯಲ್ಲೇ ಮುಗಿದುಹೋಯಿತು. ಮುಗಿಯಬಾರದಿತ್ತು.

ಮಾವ ಹೇಳಿದ್ದು ಅಕ್ಕನಿಗೆ ಅರ್ಥವಾಗದೆ ಇರಲಿಲ್ಲ. ಆದರೆ ರೆಸ್ಟು ಆ ಬಿಳೀ ಗೆರೆ ದಾಟಿತು ಅಂದರೆ, ತನ್ನ ಕೈಯಲ್ಲಿ ನೆಟ್ಟಗೆ ಹೊಡೆಯುವ ಬಿಲ್ಲು ಈ ಭೂಮಿ ಮೇಲೆ ಒಂದೂ ಉಳಿಯುವುದಿಲ್ಲ. 

ಬೇಸಿಗೆಗೆ ತಂಡದ ಆಯ್ಕೆ ಇತ್ತು. ಅದು ತಪ್ಪಿದರೆ ತಂಗಿಗೆ ವಯಸ್ಸು ಮೀರುತ್ತಿತ್ತು, ಮತ್ತೊಂದು ಸರದಿ ಇಲ್ಲ. ಹಾಗಾಗಿ ಅವಳು ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಅಕ್ಕನ ಹಿಡಿತ ಕಲಿತಳು. ಕಲಿತಳು ಅನ್ನುವುದಕ್ಕಿಂತ ಕೈಯನ್ನು ಬಗ್ಗಿಸಿದಳು. ದಿನವೂ ಬೈಸಿಕೊಂಡಳು. ಬರಬರುತ್ತ ಪೇಪರು ದುಂಡಗೆ ತೂತಾಯಿತು. "ನೋಡಿದ್ಯಾ?" ಅಂದಳು ಅಕ್ಕ, ಗೆದ್ದವಳ ಹಾಗೆ.

ಆಯ್ಕೆಯ ದಿನ ಗಾಳಿ ಇರಲಿಲ್ಲ. ಬೆಳಗಿನ ಸುತ್ತಿನಲ್ಲಿ ತಂಗಿಯ ಬಾಣಗಳು ಗುರಿಯ ನಟ್ಟನಡುವಿನ ಹಳದಿ ಬಿಟ್ಟು ಕದಲಲಿಲ್ಲ. ಹಗ್ಗದ ಆಚೆ ನಿಂತಿದ್ದ ಅಕ್ಕ ಪಕ್ಕದವರಿಗೆಲ್ಲ ಹೇಳಿಕೊಂಡಳು, "ಅದು ನನ್ನ ಬಿಲ್ಲು."

ಊಟದ ಹೊತ್ತು ದಾಟಿದ ಮೇಲೆ ಕೈ ದಣಿಯಿತು. ದಣಿದ ಕೈ ಕಲಿಸಿದ್ದನ್ನು ಬಿಟ್ಟು ತನ್ನ ಹುಟ್ಟುಗುಣಕ್ಕೆ ವಾಪಸು ಬಂತು. ಬಾಣ ಬಲಕ್ಕೆ, ಹಳದಿಯ ಆಚೆಗಿನ ಕೆಂಪಿಗೆ ಬಿತ್ತು. ಇನ್ನೊಂದೂ ಅಲ್ಲಿಗೇ.

"ಕೈ! ಕೈ ನೋಡ್ಕೋ!" ಅಕ್ಕ ಹಗ್ಗದ ಆಚೆಯಿಂದ ಕೂಗಿದಳು.

ತಂಗಿ ಕೈ ತಿರುಗಿಸಿದಳು. ಜಾಸ್ತಿಯಾಯಿತು. ಈ ಸಲ ಎಡಕ್ಕೆ ಹೋಯಿತು. ಆಮೇಲೆ ಅವಳಿಗೆ ಯಾವ ಕೈ ತನ್ನದು, ಯಾವುದು ಅಕ್ಕನದು ಅನ್ನುವುದೇ ತಿಳಿಯದ ಹಾಗಾಯಿತು. ಅವಳಿಗಿಂತ ಒಂದೇ ಮೆಟ್ಟಿಲು ಮೇಲಿದ್ದ ಹುಡುಗಿಯವರೆಗೆ ತಂಡಕ್ಕೆ ತಗೊಂಡರು. ಅಲ್ಲಿಗೆ ನಿಲ್ಲಿಸಿದರು.

ವಾಪಸು ಬಂದು ಮನೆ ಬಾಗಿಲಲ್ಲಿ ಅಕ್ಕ ಅಂದಳು, "ಎಷ್ಟು ಬಡ್ಕೊಂಡೆ, ಹಿಡಿತ ಬಿಡಬೇಡ ಅಂತ."

ಮಾರನೇ ಬೆಳಗ್ಗೆ ಅಕ್ಕ ಅಂಗಡಿಗೆ ಬರುವಷ್ಟರಲ್ಲಿ ತಂಗಿ ಚೌಕಟ್ಟಿಗೆ ಹೊಸ ಪೇಪರು ಬಿಗಿದಿದ್ದಳು. ಮಣಿಕಟ್ಟಿನ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟಿದ್ದಳು. ಕೈ ಹೇಗೆ ಬಂತೋ ಹಾಗೇ ಹಿಡಿದು ಹೊಡೆದಳು. ಎಡಕ್ಕೆ ಬೆರಳುದ್ದ ಹರಿಯಿತು. ಅಲನ್ ಕೀ ತೆಗೆದುಕೊಂಡು ರೆಸ್ಟಿನ ತಿರುಪು ಸಡಿಲಿಸಿದಳು.

"ಏಯ್, ನನ್ನ ಸೆಟ್ಟಿಂಗ್ ಮುಟ್ಟಬೇಡ!"

"ನಿನ್ನದು," ಅಂದಳು ತಂಗಿ. ತಲೆ ಎತ್ತಲಿಲ್ಲ. ರೆಸ್ಟನ್ನು ಬಿಳೀ ಗೆರೆಯಿಂದ ಆಚೆಗೆ ಒಂದು ಅಕ್ಕಿಕಾಳಿನಷ್ಟು ಸರಿಸಿ ಬಿಗಿ ಮಾಡಿದಳು. ಹೊಡೆದಳು.

ದುಂಡು ತೂತು. ಸುತ್ತ ಗರಿಗಳ ಗೀರು. ಮತ್ತೊಂದು ಹೊಡೆದಳು, ಅದೂ ಹಾಗೇ. ಮಣಿಕಟ್ಟು ಸುಮ್ಮನೆ, ಸುಖವಾಗಿ ಕೂತಿತ್ತು.

"ಇಷ್ಟೇನಾ ಅಕ್ಕಾ? ಇಷ್ಟಕ್ಕೇನಾ?"

 ತಂಗಿ ಮುಂದಿನ ಕೋಣೆಗೆ ತಿರುಗಿದಳು. "ನಿನಗೂ ಗೊತ್ತಿತ್ತಲ್ಲ ಮಾವ?"

"ಹೇಳಿದ್ನಲ್ಲಮ್ಮ..."

"ನಗಿಸಿದೆ. ಹೇಳಲಿಲ್ಲ."

ಮಾವ ಅರವನ್ನು ಕೆಳಗಿಟ್ಟು ಬೋಳುತಲೆ ಸವರಿಕೊಂಡ. 

ಗೆಳತಿಯ ಊರಿನಲ್ಲಿ ಔಷಧಿ ಅಂಗಡಿಯೊಂದರ ಕೆಲಸ ತಂಗಿಗೆ ಸಿಕ್ಕಿತು. ಗುರುವಾರ ಬೆಳಗಿನ ಬಸ್ಸಿಗೆ ಬಟ್ಟೆ ಕಟ್ಟಿಕೊಂಡಳು. "ಬಿಲ್ಲು ತಗೊಂಡು ಹೋಗೇ," ಅಂದಳು ಅಕ್ಕ, ಬಾಗಿಲಲ್ಲಿ ನಿಂತು. ಆ ಒಂದು ಮಾತು ಹೇಳಲಿಕ್ಕೆ ಅವಳಿಗೆ ಅಷ್ಟೂ ದಿನ ಬೇಕಾಗಿತ್ತು.

"ಇಟ್ಕೋ. ನಿನ್ನ ಕೈಗೇ ಕೂತಿರೋದು."

ಅವಳು ಹೋದ ಮೇಲೆ ಅಕ್ಕ ಹಿಂದಿನ ಓಣಿಗೆ ಬಂದಳು. ರೆಸ್ಟು ಇನ್ನೂ ತಂಗಿ ಬಿಗಿದ ಜಾಗದಲ್ಲೇ ಇತ್ತು. ಎಳೆದು ಹೊಡೆದಳು. ಪೇಪರು ಪರ್‍ರನೆ ಬಲಕ್ಕೆ ಹರಿಯಿತು.  ಆಮೇಲೆ ಅಲನ್ ಕೀ ತೆಗೆದುಕೊಂಡು ರೆಸ್ಟನ್ನು ಬಿಳೀ ಗೆರೆಗೆ ವಾಪಸು ತಂದಳು.

"ಯಾರಿಗೋಸ್ಕರ ಹೊಂದಿಸ್ತಿದೀಯೇ ಇನ್ನು?" ಅಂದ ಮಾವ.

ಅವಳು ಹೊಡೆದಳು. ಭುಜ ಚುಳ್ಳೆಂದಿತು. ತೂತು ದುಂಡಗೆ ಬಂತು, ಎಂದಿನ ಹಾಗೆ.