ಸೀಟಿನ ಹಳಿ

ಹಳೆಯ ಪಿಕಪ್ ಗಾಡಿಯ ಎಂಜಿನ್ನಿಗೆ ಅವಳ ಎರಡು ಬಳೆ ಹೋಗಿದ್ದವು. ತುಕ್ಕು ತಿಂದ ನೆಲಕ್ಕೆ ಹೊಸ ತಗಡು ಹಾಕಿಸಲು ಅಟ್ಟದ ಮೇಲಿದ್ದ ಹಳೆಯ ಪಂಪುಗಳೆಲ್ಲ ಗುಜರಿಗೆ ಹೋದವು. ಟೈರುಗಳಿಗಾಗಿ ಒಂದು ಶಾಲೆಯ ಇಡೀ ವರ್ಷದ ಸಮವಸ್ತ್ರ ಹೊಲಿದುಕೊಟ್ಟಳು. ಕೊನೆಗೆ ಉಳಿದದ್ದು ಡ್ರೈವರ್ ಸೀಟು. ಅದು ದುಡ್ಡೇನೂ ಕೇಳಲಿಲ್ಲ. ಇದ್ದ ಜಾಗ ಬಿಟ್ಟು ಕದಲಲೂ ಇಲ್ಲ.

"ಅಕ್ಕಾ, ಇದು ತುಕ್ಕಲ್ಲ," ಎಂದ ಅವಳ ತಮ್ಮ. ಪಿಕಪ್ಪಿನ ಬಾಗಿಲಿನಿಂದ ಅವನ ಕಾಲುಗಳು ಮಾತ್ರ ಹೊರಗೆ ಕಾಣುತ್ತಿದ್ದವು. "ಯಾರೋ ಸೀಟು ಜರುಗೋ ಹಳಿಗೇ ವೆಲ್ಡಿಂಗ್ ಹೊಡೆದುಬಿಟ್ಟಿದ್ದಾರೆ. ಇಷ್ಟು ದಿನ ಎಣ್ಣೆ ಬಿಟ್ಟಿದ್ದೆಲ್ಲ ದಂಡ."

ಅವಳು ಗಂಡನ ಕಡೆ ನೋಡಿದಳು. ಅವನು ಮೆಟ್ಟಿಲ ಮೇಲೆ ಕೂತು ನಟ್ಟುಗಳನ್ನು ಬೆರಳಿನಿಂದಲೇ ಗುರುತು ಹಿಡಿದು ಡಬ್ಬಿಗಳಿಗೆ ಹಾಕುತ್ತಿದ್ದ.

"ನಾನೇ," ಅಂದ, ತಲೆ ಎತ್ತದೆ.

"ನೀವಾ?"

"ಆ ಗಿಡ್ಡ ಹೆಲ್ಪರ್ ಇದ್ದನಲ್ಲ, ರಜೆ ಬಂದ್ರೆ ಕೀ ಕದ್ದು ಗಾಡಿ ತಗೊಂಡು ಹೋಗ್ತಿದ್ದ. ಎರಡು ಸಲ ಕ್ಲಚ್ ಸುಟ್ಕೊಂಡು ತಂದ. ಸೀಟನ್ನ ನನ್ನ ಕಾಲಿನ ಅಳತೆಗೆ ಬೆಸೆದುಬಿಟ್ಟೆ. ಆಮೇಲೆ ಯಾರೂ ಮುಟ್ಟಲಿಲ್ಲ."

"ಭೇಷ್ ಭಾವ! ಕಳ್ಳನಿಗೆ ಹಾಕಿದ ಬೀಗ ಮನೆಯೋರಿಗೇ ಬಿತ್ತು," ಎಂದು ತಮ್ಮ ಒಳಗಿನಿಂದಲೇ ನಕ್ಕ.

ನಾಲ್ಕು ಬಾಗಿಲಿನ ಆ ಪಿಕಪ್ಪಿನಲ್ಲಿ ಅವಳ ಗಂಡ ಮೂವರು ಹೆಲ್ಪರುಗಳನ್ನು ಹಿಂದೆ ಕೂರಿಸಿಕೊಂಡು ಊರೂರಿನ ಪಂಪು ರಿಪೇರಿ ಮಾಡಿಕೊಂಡು ಬಂದವನು. ಆಮೇಲೆ ಕಣ್ಣಿನ ಅಂಚುಗಳು ಕತ್ತಲಾಗುತ್ತ ಬಂದವು. ಪೈಪಿನೊಳಗಿಂದ ನೋಡಿದ ಹಾಗೆ ಕಾಣುತ್ತದೆ ಎನ್ನುತ್ತಿದ್ದ. ಓಡಿಸಲೇ ಕೂಡದೆಂದರು ಡಾಕ್ಟರು. ಹೆಲ್ಪರುಗಳು ಬೇರೆ ಕೆಲಸ ಹುಡುಕಿಕೊಂಡರು. ಗಾಡಿ ಅಂಗಳದಲ್ಲಿ ಇಟ್ಟಿಗೆಗಳ ಮೇಲೆ ನಿಂತಿತು. ಹಿಂದಿನ ಸೀಟು ಕಿತ್ತು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಹಲಗೆ ಕೂರಿಸೋಣ, ಕೆಲಸ ಇರುವಲ್ಲಿಗೆ ನಾವೇ ಹೋಗೋಣ ಅಂದವಳು ಅವಳು. ತಮ್ಮನ ಗಾಡಿಯಲ್ಲಿ ಕಲಿತು ಲೈಸೆನ್ಸೂ ಮಾಡಿಸಿಕೊಂಡಳು. ಆದರೆ ಇದರಲ್ಲಿ ಬೆನ್ನಿಗೆ ಎರಡು ದಿಂಬು ಕೊಟ್ಟರೂ ಕ್ಲಚ್ಚು ಪೂರ್ತಿ ಒತ್ತಲಾಗುತ್ತಿರಲಿಲ್ಲ.

"ಮೊದಲೇ ಹೇಳಬಾರದಾಗಿತ್ತಾ?" ಎಂದಳು.

ಅವನು ಒಂದು ನಟ್ಟನ್ನು ತಿರುಗಿಸಿ ತಿರುಗಿಸಿ ಮುಟ್ಟಿದ. "ಎಣ್ಣೆಗೇ ಬಿಡಬಹುದು ಅಂದ್ಕೊಂಡೆ."

ಬೆಸುಗೆ ಎಣ್ಣೆಗೆ ಬಿಡುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಬೀದಿಯಲ್ಲೇ ಇರಲಿಲ್ಲ. ಅವಳು, "ಇರಲಿ ಬಿಡಿ. ಇನ್ನೊಂದು ದಿಂಬು ಹೊಲ್ಕೋತೀನಿ," ಅಂದಳು.

"ಮೂರು ದಿಂಬು ಇಟ್ಕೊಂಡು ಬ್ರೇಕ್ ಹೊಡೀತೀಯಾ? ಎದುರಿಗೆ ಮಗು ಓಡಿ ಬಂದ್ರೆ?" ಅವನು ಗೋಡೆ ಹಿಡಿದು ಎದ್ದ. "ಗ್ರೈಂಡರ್ ತಗೊಂಡು ಬಾರೋ, ಬೆಸುಗೆ ಕತ್ತರಿಸೋಣ. ಅಷ್ಟರಲ್ಲಿ ಒಂದು ಗಳಿಗೆ ಆ ಸೀಟಲ್ಲಿ ಕೂತಿರ್ತೀನಿ."

ಹತ್ತುವಾಗ ಅವನ ಕೈ ಏನನ್ನೂ ತಡಕಾಡಲಿಲ್ಲ. ಕೂತ ಕೂಡಲೇ ಕಾಲುಗಳು ತಮ್ಮ ತಮ್ಮ ಜಾಗ ಸೇರಿದವು. ಅವಳು ಪಕ್ಕದ ಸೀಟಿಗೆ ಹತ್ತಿ ಬಾಗಿಲು ಹಾಕಿಕೊಂಡಳು.

"ಎಲ್ಲಿಗೆ?" ಎಂದ ಅವನು.

"ಗುಡ್ಡದ ಆಸ್ಪತ್ರೆಗೆ. ಪಂಪು ಕೆಟ್ಟಿದೆಯಂತೆ, ತೊಟ್ಟು ನೀರಿಲ್ಲವಂತೆ."

ಎಂಜಿನ್ ಹಾಕಲಿಲ್ಲ. ಅವನು ಕ್ಲಚ್ ಒತ್ತಿ ಮೊದಲ ಗೇರಿಗೆ ತಳ್ಳಿದ, ಎರಡನೆಯದಕ್ಕೆ ಎಳೆದ. ತಿರುವಿನಲ್ಲಿ ಹಾರ್ನ್ ಒತ್ತಿದಾಗ ಹೊಸ ಬ್ಯಾಟರಿಯ ಸದ್ದಿಗೆ ಗೋಡೆಯ ಮೇಲಿದ್ದ ಬೆಕ್ಕು ಕೆಳಗೆ ಹಾರಿತು.

"ಮುಂದೆ ಲಾರಿ ಇದೆ ರೀ."

"ಕಾಣಿಸ್ತು."

ಗೇರು ಇಳಿಸಿದ, ಲಾರಿಯ ಹಿಂದೆ ಕಾದ, ದಾಟಿದ. ಹಣೆಯ ಮೇಲೆ ಬೆವರು ಮೂಡಿತ್ತು. ಕೊನೆಗೆ ಹ್ಯಾಂಡ್‌ಬ್ರೇಕ್ ಎಳೆದು ಕತ್ತು ಹಿಂದಕ್ಕೆ ತಿರುಗಿಸಿದ. "ಬಂತು, ಇಳೀರೋ. ಪೈಪ್ ರೆಂಚ್ ಮರೀಬೇಡಿ."

ಹಿಂದೆ ಮುಚ್ಚಳ ಹಾಕಿದ ಹೊಲಿಗೆ ಯಂತ್ರ ಇತ್ತು. ಗ್ರೈಂಡರ್ ಹಿಡಿದು ಹಿಂದಿನ ಬಾಗಿಲ ಬಳಿ ನಿಂತಿದ್ದ ತಮ್ಮ ಹೆಲ್ಪರನ ಹಾಗೆ ಮೆಲ್ಲಗೆ, "ಇಳಿದ್ವಿ ಅಣ್ಣಾ," ಎಂದ.

ಅವನು ಇಳಿದ. ತಮ್ಮ ಸೀಟಿನ ಸುತ್ತ ಒದ್ದೆ ಗೋಣಿಚೀಲ ಹಾಸಿದ.

"ನಿನ್ನ ಗಾಡಿ. ನೀನೇ ಕತ್ತರಿಸು," ಎಂದು ಗಂಡ ಗ್ರೈಂಡರನ್ನು ಅವಳ ಕೈಗೆ ಕೊಡಿಸಿ, ಮಣಿಕಟ್ಟಿನ ಮೇಲೆ ತನ್ನ ಕೈಯಿಟ್ಟ. "ಒತ್ತಬೇಡ. ಅದರ ಪಾಡಿಗೆ ಅದು ತಿನ್ನಲಿ. ಬಟ್ಟೆಯಲ್ಲ ಇದು."

"ಬಟ್ಟೆಗೂ ಒತ್ತಬಾರದು. ನಿಮಗೇನು ಗೊತ್ತು?"

ಕಿಡಿಗಳು ಗೋಣಿಯ ಮೇಲೆ ಬಿದ್ದು ಆರಿದವು. ಒಂದು ಕಡೆಯ ಬೆಸುಗೆ ಬಿಟ್ಟಿತು, ಆಮೇಲೆ ಇನ್ನೊಂದು ಕಡೆಯದು. ತಮ್ಮ ಸೀಟಿನ ಕೆಳಗಿನ ಹಿಡಿ ಎತ್ತಿ ಬಲವಾಗಿ ತಳ್ಳಿದ. ಸೀಟು ಕಿರ್ರೆಂದು ಅರ್ಧ ಗೇಣು ಮುಂದೆ ಬಂದು ನಿಂತಿತು.

ಅವಳ ಕಾಲಿಗೆ ಕ್ಲಚ್ಚು ಪೂರ್ತಿ ಸಿಕ್ಕಿತು. ಹಿಂದೆ ಕತ್ತರಿಸುವ ಹಲಗೆಗೆ ಅರ್ಧ ಗೇಣು ಜಾಗ ಹೆಚ್ಚಾಯಿತು. ಗಂಡ ಆ ಸೀಟಿನಲ್ಲಿ ಇನ್ನೊಮ್ಮೆ ಕೂತರೆ ಮೊಣಕಾಲು ಸ್ಟಿಯರಿಂಗಿಗೆ ತಾಗುತ್ತಿತ್ತು.