ಮೊದಲು ಚಲಪತಿಯನ್ನು ಕೇಳಿ

ನನ್ನ ಮಗ ಚಲಪತಿಗೆ ಲಕ್ವ ಹೊಡೆದು ಐದು ತಿಂಗಳಾಗಿತ್ತು. ಕೈಕಾಲು ಆಡುತ್ತಿರಲಿಲ್ಲ, ಮಾತು ನಿಂತಿತ್ತು. ಮೇಲೂರಿನ ನಮ್ಮ ಮನೆಗೆ ಬಂದವರೆಲ್ಲ ಅವನ ಮಂಚದ ಪಕ್ಕದಲ್ಲೇ ಕೂತು, ಅವನು ಅಲ್ಲಿಲ್ಲವೇನೋ ಎಂಬಂತೆ ಅವನ ವಿಷಯ ಮಾತಾಡಿ ಹೋಗುತ್ತಿದ್ದರು. ನಾನು ಮಾತ್ರ ಅವನ ಕಣ್ಣು ನೋಡುತ್ತಿದ್ದೆ. ನಾನು ಎದ್ದು ನಿಂತರೆ ಆ ಕಣ್ಣೂ ಮೇಲೆ ಬರುತ್ತಿತ್ತು.

ಆವತ್ತು ನಮ್ಮಣ್ಣ ಎರ್ರಪ್ಪ ಬಂದಿದ್ದ. "ಈ ಬೆಳೆ ಮುಗೀಲಿ. ಹುಳು ಮನೆ ಬಾಡಿಗೆಗೆ ಕೊಟ್ಬಿಡಣಮ್ಮ. ಇವನಿಗೆ ಇನ್ನೇನು ತಿಳೀತದೆ?" ಎಂದ.

ಹತ್ತು ವರ್ಷ ರೇಷ್ಮೆ ಹುಳು ಸಾಕಿದವನು ಚಲಪತಿ. ಅವನನ್ನು ಕೇಳದೆ ಹೇಗೆ ಕೊಡಲಿ? ಕೇಳುವುದಾದರೂ ಹೇಗೆ?

ಅಷ್ಟರಲ್ಲಿ ಆರೋಗ್ಯ ಸಹಾಯಕಿ ರಾಧಾಮಣಿ ಬಂದರು. "ಅಮ್ಮ, ಪೇಪರ್‌ನಲ್ಲಿ ಓದಿದೆ. ಹೊರದೇಶದಲ್ಲಿ ಮೈ ಆಡದೇ ಇರೋರ ಮೆದುಳಲ್ಲಿ ಸಣ್ಣದೊಂದು ಸಾಧನ ಇಟ್ಟು, ಕಂಪ್ಯೂಟರ್‌ಗೆ ಸೇರಿಸಿದಾರೆ. ಕೈ ಆಡಿಸ್ಬೇಕು ಅಂತ ಅಂದ್ಕೊಂಡ್ರೆ ಸಾಕು, ಪರದೆ ಮೇಲಿನ ಗುರುತು ಓಡಾಡ್ತದೆ. ಅದ್ರಲ್ಲೇ ಬೇಕಾದ್ದು ಆರಿಸ್ತಾರೆ."

"ಮನಸ್ಸು ಓದೋಕೆ ಮಿಷನ್ ಯಾಕಮ್ಮ? ನಮ್ಮನೇವಳು ಕರೆಂಟಿಲ್ದೇನೇ ಓದ್ತಾಳೆ" ಎಂದ ಅಣ್ಣ.

ರಾಧಾಮಣಿ ನಕ್ಕರು. "ಅದಿನ್ನೂ ಪರೀಕ್ಷೆಯಲ್ಲಿದೆ ಎರ್ರಪ್ಪನೋರೆ, ಇಲ್ಲಿಗೆ ಬರೋಕೆ ಬಹಳ ದಿನ ಬೇಕು. ಆದ್ರೆ ಮೈ ಆಡ್ದಿದ್ರೂ ಒಳಗೆ ಬುದ್ಧಿ ಇರಬಹುದು ಅಂತ ಗೊತ್ತಾಯ್ತಲ್ಲ. ನಮ್ಮ ಹತ್ರ ಇವನ ಕಣ್ಣಿದೆ."

ಮಂಚದ ಹತ್ತಿರ ಬಗ್ಗಿದರು. "ಚಲಪತಿ, ಹೌದು ಅಂದ್ರೆ ಒಂದ್ಸಲ ರೆಪ್ಪೆ ಮುಚ್ಚಪ್ಪ. ಇಲ್ಲ ಅಂದ್ರೆ ಎರಡು ಸಲ. ನಿನ್ನ ಹೆಸರು ಎರ್ರಪ್ಪನಾ?"

ರೆಪ್ಪೆ ಎರಡು ಸಲ ಮುಚ್ಚಿತು.

"ರೆಪ್ಪೆ ನಮ್ಮ ಎಮ್ಮೇನೂ ಬಡೀತದೆ" ಎಂದ ಅಣ್ಣ.

ರಾಧಾಮಣಿ ಹಳೆಯ ಕ್ಯಾಲೆಂಡರಿನ ಹಿಂದೆ ಅಕ್ಷರಗಳನ್ನು ಸಾಲುಸಾಲಾಗಿ ಬರೆದರು. ಮೊದಲು ಸಾಲು ತೋರಿಸಬೇಕು, ಅವನು ರೆಪ್ಪೆ ಮುಚ್ಚಿದ ಸಾಲಿನಲ್ಲಿ ಒಂದೊಂದೇ ಅಕ್ಷರ ತೋರಿಸಬೇಕು. "ನೀವೇ ತೋರಿಸಿ ಅಮ್ಮ. ಅವಸರ ಬೇಡ."

ಆಗ ಸೊಸೆ ಶೋಭಾರಾಣಿ ಹುಳುವಿಗೆಂದು ಕೊಯ್ದ ಹಿಪ್ಪುನೇರಳೆ ಸೊಪ್ಪಿನ ಬಿದಿರು ಮಂಕರಿಯನ್ನು ತಲೆಯಿಂದ ಎತ್ತಿ ಮಂಚದ ಪಕ್ಕ ಇಳಿಸಿದಳು. ಚಲಪತಿಯ ಕೆನ್ನೆಯ ಮೇಲೆ ಒಂದು ಹನಿ ಕಂಡಿತು. ಅಳುತ್ತಿದ್ದಾನೆಂದು ಸೆರಗಿನಿಂದ ಒರೆಸಿದೆ. ಅವನ ರೆಪ್ಪೆ ಒಂದೇ ಸಮನೆ ಬಡಿಯತೊಡಗಿತು.

ಕ್ಯಾಲೆಂಡರು ಹಿಡಿದೆ. ರೆಪ್ಪೆಯಲ್ಲೇ ಸ ಎಂದ. ಪ ಎಂದ.

"ಸೊಪ್ಪಾ, ಮಗನೇ?"

ಒಂದು ಸಲ.

ಮತ್ತೆ ತೋರಿಸಿದೆ. ಒ. ದ.

"ಒದ್ದೆನಾ?"

ಒಂದು ಸಲ.

ಅಣ್ಣ ಮಂಕರಿಗೆ ಕೈ ಹಾಕಿದ. ಮೇಲೆ ಒಣಗಿತ್ತು. ಅಡಿಗೆ ಕೈ ಹೋದಾಗ ಮೊಣಕೈವರೆಗೂ ಒದ್ದೆಯಾಯಿತು. ಬೆಳಗಿನ ತುಂತುರಿನಲ್ಲಿ ಕೊಯ್ದ ಸೊಪ್ಪು ಕೆಳಗೆ ಸೇರಿತ್ತು. ಹುಳು ಗೂಡು ಕಟ್ಟಲು ಎರಡೇ ದಿನ ಬಾಕಿ. ಒದ್ದೆ ಸೊಪ್ಪು ತಿಂದು ರೋಗ ಬಂದರೆ ಬೆಳೆಯೇ ಹೋದಂತೆ. ನಮ್ಮಲ್ಲಿ ಯಾರೂ ನೋಡಿರಲಿಲ್ಲ. ಮಂಕರಿಯಿಂದ ಬಿದ್ದ ಒಂದೇ ಹನಿಯಲ್ಲಿ ಅವನು ತಿಳಿದಿದ್ದ.

ಅಣ್ಣ ಕೈ ಒರೆಸಿಕೊಂಡು ಮಂಚದ ತುದಿಯಲ್ಲಿ ಕೂತು, ಐದು ತಿಂಗಳಲ್ಲಿ ಮೊದಲ ಸಲ ಅವನ ಮುಖ ನೋಡಿ ಕೇಳಿದ: "ಹುಳು ಮನೆ ಬಾಡಿಗೆಗೆ ಕೊಡಣೇನಪ್ಪ?"

ಎರಡು ಸಲ.

"ಸರಿ ಬಿಡಪ್ಪ" ಎಂದು ಎದ್ದು, ಸೊಪ್ಪನ್ನು ತಾನೇ ನೆರಳಲ್ಲಿ ಹರಡಿ ಆರಹಾಕಿದ. ಈಗ ಅವನೇ ದಿನಾ ಬಂದು ಕ್ಯಾಲೆಂಡರು ಹಿಡಿಯುತ್ತಾನೆ. ತಪ್ಪು ಓದಿ ಬೈಸಿಕೊಳ್ಳುತ್ತಾನೆ, ಅದೂ ರೆಪ್ಪೆಯಲ್ಲಿ.

ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ ಎನ್ನಲಾರೆ. ಆದರೆ ನಿಮ್ಮ ಮನೆಯಲ್ಲಿ ಮಾತು ನಿಂತು ಮಲಗಿದವರಿದ್ದರೆ, ಇವರಿಗೆ ಅರಿವಿದೆಯೇ ನೋಡಿ ಎಂದು ವೈದ್ಯರನ್ನು ಕೇಳಿ. ನೀವೂ ಎದುರು ಕೂತು ಒಂದೇ ಒಂದು ಪ್ರಶ್ನೆ ಕೇಳಿ, ಕಾಯಿರಿ. ಇವತ್ತು ಉತ್ತರ ಬರದಿದ್ದರೆ ನಾಳೆ ಕೇಳಿ. ಮೆದುಳಿನ ಮಾತು ಹಿಡಿಯುವ ಯಂತ್ರ ನಮ್ಮ ಚಿಕ್ಕಬಳ್ಳಾಪುರಕ್ಕೂ ಒಂದು ದಿನ ಬಂದೀತು. ಅಲ್ಲಿಯವರೆಗೆ ಹಳೆಯ ಕ್ಯಾಲೆಂಡರು ಹಿಡಿದು ಕೂರುವವರು ಒಬ್ಬರಿರಲಿ. ಮಲಗಿದವರ ವಿಷಯ ತೀರ್ಮಾನಿಸುವ ಮುಂಚೆ ಅವರನ್ನೇ ಕೇಳಿ.